ಕತ್ತೆಯ ಕೊನೆಮಾತು

ಪ್ರಾಣಿಗಳೇ ಮಾತನಾಡುವ ಕಾರ್ಟೂನು ಚಿತ್ರಗಳಿಗೆ ಕಂಠದಾನ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಆ ಗೃಹಸ್ಥನನ್ನು ಬೀದಿಯ ಮಕ್ಕಳೆಲ್ಲ ‘ಕತ್ತೆಮಾಮ’ ಎಂದೇ ಕರೆಯುತ್ತಿದ್ದರು. ಅದರಿಂದ ಅವನಿಗೆ ಬೇಸರವೇನೂ ಇರಲಿಲ್ಲ. ಹುಲಿ, ಕರಡಿ, ಆಮೆಗಳಿಗೆಲ್ಲ ದನಿಯಾಗಿದ್ದರೂ ಅವನಿಗೆ ಹೆಸರು ತಂದದ್ದು ಒಂದು ಕತ್ತೆಯೇ. ಆದರೆ ಆ ದನಿ ಅವನದಲ್ಲ, ಅವನ ಮಾವನದು.

ಮಾವ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಾಗಿಲಲ್ಲಿ ನಿಂತು “ಒಳಗೆ ಹೋಗೀ, ಜಾಗ ಇದೇ” ಎಂದು ಕೂಗಿ ಕೂಗಿ, ಅವರ ಮಾತೆಲ್ಲವೂ ಮೂಗಿನಲ್ಲಿ ಹುಟ್ಟಿ ಕೊನೆಯ ಅಕ್ಷರದಲ್ಲಿ ಬಾಲದಂತೆ ನೀಳವಾಗುತ್ತಿತ್ತು. ಮನೆಯಳಿಯನಾಗಿ ಅವರ ಸೂರಿನಡಿ ಬಾಳುತ್ತಿದ್ದ ಇವನು ಊಟದ ಜೊತೆಗೆ ಆ ರಾಗವನ್ನೂ ಅರಗಿಸಿಕೊಂಡಿದ್ದ.

ಅದನ್ನೇ ಕತ್ತೆಯ ಬಾಯಿಗಿಟ್ಟ ಚಿತ್ರ ಗೆದ್ದಿತು, ಮನೆಮಂದಿಯೆಲ್ಲ ನೋಡಿ ಬಂದರು. ಅಂದಿನಿಂದ ಮಾವ ಅಳಿಯನೆದುರು ತುಟಿ ಎರಡು ಮಾಡಲಿಲ್ಲ. ಅವನು ಕಾಲಿಟ್ಟೊಡನೆ ಪತ್ರಿಕೆ ಅವರ ಮುಖವನ್ನು ಮುಚ್ಚುತ್ತಿತ್ತು. ಹೇಳಬೇಕಾದುದನ್ನು ಮಗಳ ಕಿವಿಯಲ್ಲಿ ಉಸುರುವರು. ಅವಳು, “ಫ್ಯಾನು ಆರಿಸ್ಬೇಕಂತೆ,” ಎಂದು ಗಂಡನಿಗೆ ಅನುವಾದಿಸುವಳು.

ಹೀಗಿರುವಾಗ ಚಿತ್ರದ ಎರಡನೆಯ ಭಾಗ ಬಂತು. ತಿಂಗಳುಗಟ್ಟಲೆ ಮೂಲದನಿಯನ್ನು ಕೇಳದೆ ಅವನ ಕತ್ತೆ ಸೊರಗಿಹೋಗಿತ್ತು. ಮೊದಲ ದಿನವೇ ಡಬ್ಬಿಂಗ್ ಕೊಠಡಿಯ ಗಾಜಿನಾಚೆಯಿಂದ ನಿರ್ದೇಶಕಿ ಕೈಯೆತ್ತಿ ನಿಲ್ಲಿಸಿದಳು.

“ಇದು ನಮ್ಮ ಕತ್ತೆ ಅಲ್ಲ. ಯಾವುದೋ ಕುದುರೆಗೆ ಶೀತ ಆದ ಹಾಗಿದೆ.”

ನಾಳೆಯೂ ಹೀಗೆಯೇ ಆದರೆ ಬೇರೊಬ್ಬರನ್ನು ಕರೆಸಬೇಕಾದೀತೆಂಬುದನ್ನೂ ಅವಳು ಬಹು ವಿನಯದಿಂದ ತಿಳಿಸಿದಳು.

ಆ ಸಂಜೆ ಮಾವನ ಬಾಯಿ ಬಿಡಿಸಲು ಅವನು ಮಾಡದ ಉಪಾಯವಿಲ್ಲ. ಅವರ ಆರಾಮಕುರ್ಚಿಯಲ್ಲಿ ಕುಳಿತ. ಅವರು ಸ್ಟೂಲು ಎಳೆದುಕೊಂಡರು. ಕಂಡಕ್ಟರುಗಳಿಗಿಂತ ಡ್ರೈವರುಗಳೇ ಮೇಲೆಂದು ಗೋಡೆಗೆ ಹೇಳಿದ. ಪತ್ರಿಕೆ ಗಡಗಡ ನಡುಗಿತೇ ಹೊರತು ಮೌನವ್ರತ ಮುರಿಯಲಿಲ್ಲ. ಕಡೆಗೆ, ಕಾರ್ಯವಾಸಿ ಕತ್ತೆ ಕಾಲು ಹಿಡಿ ಎಂಬ ಹಿರಿಯರ ಮಾತನ್ನು ನೆನೆದು, ನೆಲದ ಮೇಲೆ ಕುಳಿತು ಮಾವನ ಎರಡು ಪಾದಗಳನ್ನೂ ಹಿಡಿದುಕೊಂಡ.

“ತಪ್ಪಾಯ್ತು ಮಾವ. ನಿಮ್ಮನ್ನ ಕತ್ತೆ ಮಾಡಬಾರದಿತ್ತು.”

ಪತ್ರಿಕೆ ಇಳಿಯಿತು.

“ಕತ್ತೆ ಮಾಡಿದ್ದಕ್ಕೆ ಯಾರಿಗೆ ಬೇಜಾರಾಗಿದೇ? ಸಿನಿಮಾದಲ್ಲಿ ಆ ನರಿ ಹತ್ರ ಮಾತಲ್ಲಿ ಸೋತು ಬಾಲ ಮುದುರ್ಕೊಂಡು ಹೋಯ್ತಲ್ಲಾ, ಅದಕ್ಕೇ. ನಾನು ಯಾವತ್ತಾದ್ರೂ ಮಾತಲ್ಲಿ ಸೋತಿದ್ದು ನೋಡಿದೀರಾ, ಅಳಿಯಂದ್ರೇ?”

“ಅಮ್ಮ ಇದ್ದಾಗ ದಿನಾ ಸೋಲ್ತಿದ್ದೆಯಲ್ಲಪ್ಪ,” ಎಂದಳು ಮಗಳು ಅಡುಗೆಮನೆಯಿಂದ.

“ಅದು ಸೋಲಲ್ಲಾ, ಸಂಸಾರಾ.”

ಅಳಿಯನ ಕಿವಿಗೆ ಅಮೃತ ಸುರಿದಂತಾಯಿತು. ಆದರೆ ಎರಡನೆಯ ಭಾಗದಲ್ಲಿಯೂ ಕತ್ತೆ ಸೋಲುವುದಿತ್ತು! ಚಿತ್ರ ಆಗಲೇ ಸಿದ್ಧವಾಗಿದೆ, ಪರದೆಯ ಮೇಲೆ ಬಾಯಿ ಆಡಿದಷ್ಟೇ ಮಾತು ತುಂಬಬೇಕು, ನರಿ “ನಿನ್ನ ತಲೆಯೊಳಗೆಲ್ಲ ಖಾಲಿ” ಎಂದು ಮೂದಲಿಸಿದಾಗ ಕತ್ತೆ ಬೆನ್ನು ತಿರುಗಿಸಿ ಗುಡ್ಡ ಇಳಿಯುತ್ತದೆ, ಎಂದು ಅಳುಕುತ್ತಲೇ ವಿವರಿಸಿದ.

ಮಾವ ಮೂಗು ಸವರಿಕೊಂಡರು. “ಬೆನ್ನು ತಿರುಗಿಸಿದ್ಮೇಲೆ ಬಾಯಿ ಆಡುತ್ತೋ ಇಲ್ವೋ, ಯಾರಿಗೆ ಕಾಣುತ್ತೇ?”

ಮರುದಿನ ಕತ್ತೆ ಮೊದಲಿನ ಕಳೆಯಲ್ಲೇ ಮಾತನಾಡಿತು. ನಿರ್ದೇಶಕಿ ತಲೆದೂಗಿದಳು. ಕೊನೆಯ ದೃಶ್ಯ ಬಂತು, ನರಿ ಮೂದಲಿಸಿತು, ಕತ್ತೆ ಬಾಲವನ್ನಷ್ಟೇ ತೋರಿಸುತ್ತ ಗುಡ್ಡ ಇಳಿಯತೊಡಗಿತು. ಬರೆದುಕೊಟ್ಟ ಮಾತುಗಳು ಅಲ್ಲಿಗೆ ಮುಗಿದಿದ್ದವು. ಅವನು ಕಣ್ಣು ಮುಚ್ಚಿ, ಮೈಕಿನೊಳಗೆ ಮೂಗಿನಿಂದಲೇ ಎಳೆದ:

“ಖಾಲಿ ಇದ್ರೇನಪ್ಪಾ? ಒಳಗೆ ಬಾ, ಜಾಗ ಇದೇ.”

ಗಾಜಿನಾಚೆ ನಿರ್ದೇಶಕಿ ಹೆಡ್‌ಫೋನು ಕಳಚಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಮಾತು ಉಳಿಯಿತು. ಅವನ ಕೆಲಸವೂ ಉಳಿಯಿತು.

ಮಾವ ಅಂದು ಬಿಟ್ಟ ಬಾಯನ್ನು ಮತ್ತೆ ಮುಚ್ಚಲಿಲ್ಲ. ಹುಲಿ ಏನನ್ನಬೇಕಿತ್ತು, ಕರಡಿ ಎಲ್ಲಿ ಎಡವಿತು ಎಂದು ಊಟಕ್ಕೆ ಕುಳಿತಾಗಲೂ ಪಾಠ ನಡೆಯುತ್ತಿತ್ತು. ಒಂದು ದಿನ ಹೆಂಡತಿ ತಟ್ಟೆ ತೆಗೆಯುತ್ತ ಗಂಡನ ಕಿವಿಯಲ್ಲಿ ಕೇಳಿದಳು:

“ರೀ, ಆ ಫ್ಯಾನು ಆರಿಸ್ಬೇಕಂತೆ ಅಂತಿದ್ದೆನಲ್ಲ, ಆ ಕಾಲ ಇನ್ನೊಂದ್ಸಲ ಬರಲ್ವಾ?”