ರಹೀಂ ಭಾಯ್ ತಲೆಗೆ ಕಟ್ಟಿದ ತಪ್ಪು

ನಿದ್ದೆಯಲ್ಲಿ ನಿಮ್ಮ ಉಸಿರು ನಿಲ್ಲುತ್ತಿತ್ತು. ನಿಲ್ಲುತ್ತಿಲ್ಲ ಎಂದು ನಾನು ಸುಳ್ಳು ಹೇಳಿದೆ. ರೀ, ನೀವು ರಹೀಂ ಭಾಯ್ ಮುಖ ನೋಡದೆ ಎರಡು ವರ್ಷವಾಯಿತು — ಆ ಸಿಟ್ಟು ನನ್ನ ಮೇಲೆ ಬರಬೇಕಿತ್ತು.

ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ನೀವು ನಕ್ಕಿರಿ. ರಾತ್ರಿ ಮಾಸ್ಕ್ ಹಾಕಿಕೊಂಡು ಮಿಷನ್ ಗಾಳಿಯಲ್ಲಿ ಮಲಗಬೇಕು, ದಿನಾ ಚುರುಕಾಗಿ ನಡೆಯಬೇಕು ಎಂದರು. ಮಾಸ್ಕ್ ಕಂಡರೆ ನಿಮಗಾಗದು. ನಡಿಗೆಯ ರುಚಿ ಹತ್ತಿಸಿದವರು ನಿಮ್ಮ ಗೆಳೆಯ ರಹೀಂ ಭಾಯ್. ಶಿವಾಜಿನಗರದಲ್ಲಿ ತಮ್ಮ ಬಟ್ಟೆ ಅಂಗಡಿ ತೆರೆಯುವ ಮೊದಲೇ ಬಂದು, ನಿಮ್ಮನ್ನು ಹೊರಡಿಸಿಕೊಂಡು ಹಲಸೂರು ಕೆರೆ ಸುತ್ತಿಸುತ್ತಿದ್ದರು. ನಿಮ್ಮ ಹೊಟ್ಟೆ ಕರಗಿತು. ಪೇಪರ್ ಹಿಡಿದು ತೂಕಡಿಸುವುದು ಕಡಿಮೆಯಾಯಿತು. ನನಗೂ ಖುಷಿಯಾಗಿತ್ತು.

ಆಮೇಲೆ ಒಂದು ದಿನ ನೀವೇ ಹೇಳಿದಿರಿ: "ನಡೆದು ನಡೆದು ಕಾಯಿಲೆ ವಾಸಿಯಾದಂಗಿದೆ. ಇವತ್ತು ಮಾಸ್ಕ್ ಇಲ್ದೆ ಮಲಗ್ತೀನಿ ಕಣೇ ಸರೋಜ. ಉಸಿರು ನಿಲ್ಲುತ್ತಾ ಅಂತ ನೀನು ನೋಡ್ಕೋ."

ನೋಡಿದೆ. ಗೊರಕೆ ಏರಿತು, ಥಟ್ಟನೆ ನಿಂತಿತು, ಒದ್ದಾಡಿ ಉಸಿರೆಳೆದುಕೊಂಡಿರಿ — ಮತ್ತೆ ಅದೇ. ಎಬ್ಬಿಸಬೇಕಿತ್ತು. ನಾನು ದಿಂಬು ಎತ್ತಿಕೊಂಡು ಪಕ್ಕದ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ವರ್ಷಗಟ್ಟಲೆ ನಿದ್ದೆಗೆಟ್ಟವಳು ರೀ ನಾನು... ಬೇಡ, ಅದನ್ನು ನೆಪ ಮಾಡುವುದಿಲ್ಲ. ಹಾಯಾಗಿ ಮಲಗಿದೆ.

ಬೆಳಗ್ಗೆ ಕಾಫಿ ಲೋಟ ಹಿಡಿದು, ರಿಸಲ್ಟಿಗೆ ಕಾದ ಹುಡುಗನ ಹಾಗೆ ಕೇಳಿದಿರಿ: "ಹೆಂಗಿತ್ತೇ?"

"ಒಂದ್ಸಲಾನೂ ನಿಲ್ಲಲಿಲ್ಲ ರೀ."

ನಿಂತಿತು ಎಂದಿದ್ದರೆ, ಮತ್ತೆ ಯಾಕೆ ಎಬ್ಬಿಸಲಿಲ್ಲ ಎಂದು ಕೇಳುತ್ತಿದ್ದಿರಿ. ಅಲ್ಲಿರಲಿಲ್ಲ ಎಂದು ಹೇಳಲು ನನಗೆ ನಾಚಿಕೆ. ನೀವು ಮಿಷನ್ ಅಟ್ಟಕ್ಕೆ ಹಾಕಿದಿರಿ. ಮತ್ತೊಮ್ಮೆ ಪರೀಕ್ಷೆಯಾಗುವವರೆಗೆ ಅದನ್ನು ಬಿಡಕೂಡದು ಎಂದು ಡಾಕ್ಟರು ಹೇಳಿದ್ದನ್ನು ನಾನು ನೆನಪಿಸಲೂ ಇಲ್ಲ. ದಿನಾ ನೀವು ಮಲಗಿದ ಮೇಲೆ ಎದ್ದು ಹೋಗುತ್ತಿದ್ದೆ, ನೀವು ಏಳುವ ಮೊದಲು ಬಂದುಬಿಡುತ್ತಿದ್ದೆ — ಬೆಳಗ್ಗೆ ಅದೇ ಸುಳ್ಳು.

ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಿಂದ ಬರುವಾಗ, ಕೆ.ಆರ್. ಪುರದ ಸೇತುವೆ ಹತ್ತಿರ, ಹಾಡಹಗಲೇ ಸ್ಕೂಟರಿನ ಮೇಲೆ ನಿಮಗೆ ಜೊಂಪು ಹತ್ತಿತು. ಕಾಲು ಮುರಿಯಿತು. ಉಸಿರು ಈಗಲೂ ನಿಲ್ಲುತ್ತಿದೆ, ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಆಸ್ಪತ್ರೆಯಲ್ಲಿ ಕೇಳಿದರು. "ಇವಳು ಪಕ್ಕದಲ್ಲೇ ಮಲಗ್ತಾಳೆ ಡಾಕ್ಟ್ರೇ. ನಿಂತಿದ್ರೆ ಹೇಳ್ತಿರ್ಲಿಲ್ವಾ?" ಎಂದಿರಿ. ಅಯ್ಯೋ, ಆ ನಂಬಿಕೆ! ನಾನು ಗ್ಲೂಕೋಸ್ ಬಾಟಲಿ ನೋಡುತ್ತಾ ನಿಂತೆ.

ಸಂಜೆ ರಹೀಂ ಭಾಯ್ ಮೂಸಂಬಿ ತಂದರು. "ನಡಿ ನಡಿ ಅಂತ ನಂಬಿಸಿ ಕಾಲು ಮುರಿಸ್ದೆಯಲ್ಲೋ. ಮೋಸ ಮಾಡ್ಬಿಟ್ಟೆ," ಎಂದು ನೀವು ಗೋಡೆಯ ಕಡೆ ತಿರುಗಿದಿರಿ.

ಹೊರಗೆ ಅವರು ನನ್ನನ್ನು ಕೇಳಿದರು: "ಭಾಬಿ, ಮಿಷನ್ ಬಿಡು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ? ನೀವಾದ್ರೂ ಹೇಳಿ ಅವನಿಗೆ."

"ಸಿಟ್ಟು ಇಳೀಲಿ ಭಾಯ್, ಹೇಳ್ತೀನಿ." ಹೇಳಲಿಲ್ಲ.

ಈಗ ಕಾಲು ಕೂಡಿದೆ, ಮಾಸ್ಕ್ ಹಾಕುತ್ತೀರಿ, ನಾನು ಪಕ್ಕದಲ್ಲೇ ಮಲಗುತ್ತೇನೆ. ಕೆರೆಯ ಕಡೆ ಮಾತ್ರ ನೀವು ತಲೆ ಹಾಕುವುದಿಲ್ಲ. ಮತ್ತೆ ನಡೆಯಿರಿ ಎಂದು ಡಾಕ್ಟರು ಅಂದರೆ, ನಡಿಗೆ ನಂಬಿ ಕೆಟ್ಟೆ ಎನ್ನುತ್ತೀರಿ. ಮೈ ಮತ್ತೆ ಭಾರವಾಗಿದೆ. ನಾನು ಬಾಯಿ ಮುಚ್ಚಿಕೊಂಡು ಬಡಿಸುತ್ತೇನೆ.

ನಿನ್ನೆ ಕೆರೆಯ ದಾರಿಯಲ್ಲಿ ರಹೀಂ ಭಾಯ್ ಸಿಕ್ಕರು. ಒಬ್ಬರೇ ನಡೆಯುತ್ತಿದ್ದರು, ಪಕ್ಕದಲ್ಲಿ ನಿಮಗೆ ಜಾಗ ಬಿಟ್ಟವರಂತೆ ಅಂಚಿನಲ್ಲಿ. "ಅವನ ಕಾಲು ಹೆಂಗಿದೆ ಭಾಬಿ?" ಎಂದರು. ತಡೆಯಲಾಗಲಿಲ್ಲ. ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

"ಇನ್ಮೇಲೆ ನನ್ನನ್ನ ಭಾಯ್ ಅನ್ಬೇಡಿ," ಎಂದರು. ಹೋದರು.

ಇವತ್ತು ನಿಮಗೆ ಹೇಳುತ್ತಿದ್ದೇನೆ. ನಿಮಗೆ ಮೋಸ ಮಾಡಿದ್ದು ನಡಿಗೆಯಲ್ಲ, ಅವರಲ್ಲ — ನಾನು. ನನ್ನ ಮುಖ ನೋಡದಿದ್ದರೂ ಸರಿ ರೀ. ಬೆಳಗ್ಗೆ ಎದ್ದು ಕೆರೆಗೆ ಹೋಗಿ. ಅವರು ಅಲ್ಲಿರುತ್ತಾರೆ.