ಹೊಲ ಅವನದಾದರೆ ಚರಗ ಯಾರದು?

ಮೊಮ್ಮಗಳ ಹೊಸ ಕರಿ ಕೋಟನ್ನು ನುಸಿಗುಳಿಗೆ ಹಾಕಿದ ನನ್ನ ಟ್ರಂಕಿನಲ್ಲಿ ಎತ್ತಿಟ್ಟವಳು ನಾನೇ. ಇವತ್ತು ಅವಳು ವಕೀಲಳಾಗಿ ಮೊದಲ ಸಲ ಕೋರ್ಟಿಗೆ ಹೊರಟಿದ್ದಳು. ಕೊಡಲೆಂದು ತೆಗೆದರೆ ಆ ವಾಸನೆ... ಕೋಟನ್ನು ಮುಖಕ್ಕೆ ಹಿಡಿದು ನಿಂತುಬಿಟ್ಟೆ.

“ಆಯಿ, ಅದು ಹಾಕ್ಕೊಳ್ಳಾಕ ಅದ, ಮೂಸಾಕಲ್ಲ!” ಎಂದು ನಕ್ಕಳು.

ನನ್ನ ಹೊಲದ ಮೊಕದ್ದಮೆ ನಡೆಸಿದ ವಕೀಲಬಾಯಿಯವರ ಕೋಟಿಗೂ ಇದೇ ವಾಸನೆ ಇತ್ತು.

ಗಂಡ ತೀರಿಕೊಂಡಾಗ ಮಗ ಅಂಬೆಗಾಲಿಡುತ್ತಿದ್ದ. ಸೇಡಂ ಹತ್ತಿರದ ಹೊಲ ನೋಡಿಕೋ ಎಂದು ಮೈದುನನಿಗೆ ಹೇಳಿ, ಮಗನನ್ನು ಕಟ್ಟಿಕೊಂಡು ಶಹಾಬಾದದ ಕಲ್ಲಿನ ಗಣಿಗೆ ಕೂಲಿಗೆ ಹೋದೆ. ಅಣ್ಣತಮ್ಮಂದಿರ ಪಾಲು ಎಂದೋ ಆಗಿತ್ತು. ಆ ಹೊಲ ನಮ್ಮ ಪಾಲಿನದು. ಕೆಲವು ವರ್ಷ ಬಿಟ್ಟು ತಿರುಗಿ ಕೇಳಿದರೆ, “ಅಣ್ಣ ಇದ್ದಾಗೇ ನನಗ ಕೊಟ್ಟಾನ. ನಿಂದೇನದ ಇಲ್ಲಿ?” ಎಂದ. ಪಹಣಿಯಲ್ಲೂ ಅವನ ಹೆಸರೇ ಕುಳಿತಿತ್ತು. ಮಗನನ್ನು ಬಿಟ್ಟರೆ ನನಗಿದ್ದದ್ದು ಆ ಹೊಲ ಒಂದೇ.

ಯಾರೋ ಸೇಡಂನ ವಕೀಲಬಾಯಿಯವರ ಮನೆ ತೋರಿಸಿದರು. “ಕುಂದ್ರು ತಂಗಿ. ಮೊದಲ ಅಳೂದು ಮುಗಸು, ಆಮ್ಯಾಲ ಮಾತಾಡೂಣು,” ಎಂದರು. ನನ್ನ ಹತ್ತಿರ ಕಾಗದ ಇಲ್ಲ ಎಂದೆ. ಅವರು ಕೇಳಿದ್ದೇ ಬೇರೆ: “ಎಳ್ಳಮಾಸಿಗಿ ಆ ಹೊಲಕ್ಕ ಹೋಗ್ತಿಯೇನು?”

ಹೋಗದೆ ಇರುತ್ತೇನೆಯೇ! ಎಲ್ಲಿದ್ದರೂ ಎಳ್ಳಮಾವಾಸ್ಯೆಯ ದಿನ ಬಂದು, ರೊಟ್ಟಿ, ಕಡುಬು, ಸೊಪ್ಪು-ಕಾಳಿನ ಭಜ್ಜಿ ಕಲಸಿದ ಚರಗವನ್ನು ಬೆಳೆಯ ಮೇಲೆ ಚೆಲ್ಲಿ, ಭೂತಾಯಿಗೆ ಉಣಿಸಿ ಹೋಗುತ್ತಿದ್ದೆ. ನಮ್ಮ ಕಡೆ ಯಾರ ಹೊಲವೋ ಅವರದೇ ಚರಗ. ಹೊಲ ನುಂಗಿದ ಮೈದುನ ಕೂಡ ಅದಕ್ಕೆ ಮಾತ್ರ ಅಡ್ಡ ಬಂದಿರಲಿಲ್ಲ. ವಕೀಲಬಾಯಿ ಇದನ್ನು ಕೇಳಿ, ಎಲೆಅಡಿಕೆ ಬಾಯಿಗಿಟ್ಟುಕೊಂಡರು.

ಮೊಕದ್ದಮೆ ಎಳೆದಾಡಿ ಎಳೆದಾಡಿ ಕೊನೆಗೆ ಅವನು ಕಟಕಟೆ ಹತ್ತಿದ. ಬಿತ್ತಿದ್ದು ತಾನು, ರಾಶಿ ಮಾಡಿದ್ದು ತಾನು, ಹೊಲ ತನ್ನದೇ ಎಂದು ದೇವರ ಆಣೆ ಮಾಡಿ ಹೇಳಿದ. ವಕೀಲಬಾಯಿ ಎದ್ದು ಮೆಲ್ಲಗೆ ಕೇಳಿದರು.

“ಆ ಹೊಲದಾಗ ಚರಗ ಯಾರು ಚೆಲ್ತಾರ್ರಿ ಯಜಮಾನ್ರ?”

ದೇವರ ಮುಂದೆ ಸುಳ್ಳು ಹೇಳಿದವನಿಗೆ ಭೂತಾಯಿಯ ತುತ್ತಿನ ಮೇಲೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಅತ್ತಿಗಿ ಚೆಲ್ತಾಳ್ರಿ.”

“ಮತ್ತ ನೀವು?”

“ನಾ ನನ್ನ ಹೊಲದಾಗ ಚೆಲ್ತೀನ್ರಿ.”

ಕೂತವರೆಲ್ಲ ಗೊಳ್ಳೆಂದರು. ಏನಂದೆನೆಂದು ಅವನಿಗೆ ಆಮೇಲೆ ಹೊಳೆಯಿತು. ಇಷ್ಟು ಸಣ್ಣ ಮಾತಿನೊಳಗೆ ಇಡೀ ಹೊಲ ಅಡಗಿತ್ತೇ! ಇವತ್ತಿಗೂ ನೆನೆದರೆ ಅಚ್ಚರಿ ತಡೆಯದು...

ಹೊಲ ಕೈಸೇರಿದ ವರ್ಷ ವಕೀಲಬಾಯಿ ಕೋರ್ಟಿನಿಂದ ನೇರ ನಮ್ಮ ಚರಗಕ್ಕೆ ಬಂದರು. ಕೋಟನ್ನು ಬನ್ನಿಗಿಡದ ಟೊಂಗೆಗೆ ಸಿಕ್ಕಿಸಿ, ಮಣ್ಣಿನ ಮೇಲೆ ಕುಳಿತು ಉಂಡರು. “ಭಜ್ಜಿಗಿ ಇಷ್ಟು ಖಾರ ಹಾಕಿದ್ರ ಭೂತಾಯಿ ಹ್ಯಾಂಗ ಉಂಡಾಳು ತಂಗಿ!” ಎಂದು ಕಣ್ಣು ಒರೆಸಿಕೊಂಡು ಮತ್ತೆ ಬಡಿಸಿಕೊಂಡರು.

ಆ ಹೊಲದ ಜೋಳ ಉಂಡೇ ಮಗ ಬೆಳೆದ, ಮೊಮ್ಮಗಳು ಓದಿದಳು. ಇವತ್ತು ಕೋಟು ತೊಟ್ಟವಳನ್ನು ಕೋರ್ಟಿಗೂ ಮೊದಲು ವಕೀಲಬಾಯಿಯವರ ಮನೆಯ ಮುಂದೆ ಕರೆದುಕೊಂಡು ಹೋದೆ. ಅವರು ತೀರಿಹೋಗಿ ಬಹಳ ವರ್ಷವಾಯಿತು... ಈಗ ಅಲ್ಲಿ ಬಟ್ಟೆ ಅಂಗಡಿ. ಹೊಸ್ತಿಲ ಶಹಾಬಾದಿ ಕಲ್ಲು ಮಾತ್ರ ಹಳೆಯದೇ.

“ಇಲ್ಲ್ಯಾಕ ನಿಂತ್ವಿ ಆಯಿ?”

“ನಿನ್ನ ಕೋಟು ತೋರಸಾಕ.”

ಹೊಸ್ತಿಲಿಗೆ ಕೈ ಮುಗಿದೆ. ಒಳಗಿದ್ದ ಅಂಗಡಿಯವನು ತನಗೇ ಎಂದುಕೊಂಡು ತಿರುಗಿ ಕೈ ಮುಗಿದ.