ಮೈತುಂಬ ಕಪ್ಪು ಬೊಟ್ಟು

ಹೊಲಿಗೆ ಯಂತ್ರದ ಚಕ್ರ ತಿರುಗಿಸುವಾಗ ಅವರ ಕೈತುಂಬ ಕಪ್ಪು ಗಾಜಿನ ಬಳೆಗಳು ಸದ್ದು ಮಾಡುತ್ತಿದ್ದವು. ಸೀರೆ ಕಪ್ಪು, ರವಿಕೆ ಕಪ್ಪು, ಕಣ್ಣಿನ ಸುತ್ತ ದಟ್ಟ ಕಾಡಿಗೆ. ಎಪ್ಪತ್ತರ ದಶಕದ ಹುಣಸೂರಿನಲ್ಲಿ ನಮ್ಮ ಹೊಲಿಗೆ ಟೀಚರ್ ಎದುರಾದರೆ, ಶುಭಕಾರ್ಯಕ್ಕೆ ಹೊರಟವರು ಮನೆಗೆ ಹಿಂದಿರುಗಿ, ನೀರು ಕುಡಿದು ಮತ್ತೆ ಹೊರಡುತ್ತಿದ್ದರು.

ಯಾಕೆ ಕಪ್ಪು ಎಂಬುದು ನಮಗೆಲ್ಲ ಹೊಲಿಗೆಗಿಂತ ದೊಡ್ಡ ಪಾಠ. ಪ್ರೀತಿಸಿದವನು ಸತ್ತನಂತೆ ಎಂದಳು ಒಬ್ಬಳು. ಶನಿದೇವರ ಹರಕೆ ಎಂದಳು ಇನ್ನೊಬ್ಬಳು. ಬಾಯಿ ಸುಮ್ಮನಿರದ ನಾನು ಕೇಳಿಯೇಬಿಟ್ಟೆ.

"ಚೆಂದ ಕಾಣ್ತದೆ, ಅದಕ್ಕೇ ಕಣೇ," ಎಂದರು. "ಮಗೀಗೆ ದೃಷ್ಟಿ ಆಗದಂಗೆ ಕಪ್ಪು ಬೊಟ್ಟು ಇಡಾಕಿಲ್ವಾ? ನಾನು ಮೈತುಂಬ ಇಟ್ಕಂಡಿವ್ನಿ, ಬುಡು. ತಾಳಿ ಜೊತೆ ಪೋಣ್ಸಾದೂ ಕರೀಮಣಿನೇ ಅಲ್ವಾ?"

ಗೋಡೆಯ ಮೇಲೊಂದು ಚಿತ್ರವಿತ್ತು. ಕೊಡಗಿನ ಗಿರಾಕಿಯೊಬ್ಬರು ಕೊಟ್ಟ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ್ದು: ಗಂಡ ಸತ್ತ ಮೇಲೆ ಕೊನೆತನಕ ಕಪ್ಪನ್ನೇ ತೊಟ್ಟ ಇಂಗ್ಲೆಂಡಿನ ಹಿಂದಿನ ಕಾಲದ ರಾಣಿ. "ಅವ್ಳು ದುಃಖಕ್ಕೆ ಉಟ್ಟಿದ್ದು. ನೋಡ್ದೋರು ನಮಗೂ ಕಪ್ಪೇ ಇರ್ಲಿ ಅಂತ ಲೇಸು ಇಕ್ಕಿ ಹೊಲಿಸ್ಕಂಡ್ರಂತೆ. ದುಃಖಕ್ಕೂ ಒಂದು ಚೆಂದ ಅದೆ ಕಣೇ."

ನನ್ನ ಮದುವೆ ಗೊತ್ತಾಯಿತು. ಅವರು ಬರಲೇಬೇಕೆಂದು ನನಗಾಸೆ. ಕಪ್ಪಿನಲ್ಲಿ ಬಂದರೆ ಚಪ್ಪರದೊಳಗೆ ಬಿಡುವುದಿಲ್ಲವೆಂದು ಅಮ್ಮನ ಹಟ. ಅಮ್ಮನನ್ನು ಎದುರಿಸಲಾರದೆ ನಾನೇ ಹೋಗಿ, "ಒಂದಿನ ಹಸಿರು ಸೀರೆ ಉಟ್ಕಂಡು ಬನ್ನಿ ಟೀಚರ್," ಎಂದೆ.

ಅವರು ಬಳೆ ಸರಿಸಿಕೊಂಡು, "ನೋಡಾನ," ಎಂದರಷ್ಟೆ.

ಬರಲಿಲ್ಲ. ಅವರು ಹೊಲಿದ ರವಿಕೆ ಮಾತ್ರ ಬಂತು. ತೊಡುವಾಗ ನೋಡಿದೆ: ಒಳಗಿನ ಲೈನಿಂಗಿಗೆ, ಎದೆಯ ಎಡಗಡೆ, ಕಪ್ಪು ಬಟ್ಟೆಯ ಸಣ್ಣ ಬೊಟ್ಟೊಂದನ್ನು ಹೊಲಿದಿದ್ದರು. ಹಸೆಮಣೆಯ ಮೇಲೆ ನಾನು ತಲೆ ಎತ್ತಲಿಲ್ಲ. ಜನ ಅದನ್ನು ಮದುಮಗಳ ನಾಚಿಕೆ ಎಂದುಕೊಂಡರು.

ಈಚೆಗೆ ಮೊಮ್ಮಗಳು ಫೋನಿನಲ್ಲಿ ಕಪ್ಪು ಲೇಸು, ಕಪ್ಪು ತುಟಿಯ ಹುಡುಗ ಹುಡುಗಿಯರನ್ನು ತೋರಿಸಿದಳು. ‘ಗಾತ್’ ಎಂದು ಹೆಸರಂತೆ. ಎಪ್ಪತ್ತರ ದಶಕದ ಕೊನೆಗೆ ಇಂಗ್ಲೆಂಡಿನ ಹಾಡುಗಾರರ ಗುಂಪುಗಳಿಂದ ಶುರುವಾಯಿತಂತೆ. ಅದಕ್ಕೂ ಮೊದಲೇ ಹುಣಸೂರಿನಲ್ಲಿ ಒಬ್ಬರಿದ್ದರು ಎಂದೆ. ಅವಳು ಬಿಡಲಿಲ್ಲ, ಕೊನೆಗೆ ಅವರೇನಾದರು ಎಂದು ಕೇಳಿದಳು. ಹೇಳಿದೆ.

ಅವರು ತೀರಿಕೊಂಡ ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ನೆಂಟರು ಬಿಳಿ ಬಟ್ಟೆ ಹೊದಿಸಿದ್ದರು. ಅವರ ಪೆಟ್ಟಿಗೆಯಿಂದ ಕಪ್ಪು ಸೀರೆಯೊಂದನ್ನು ತೆಗೆದುಕೊಂಡು ಬಂದೆ.

"ಸತ್ತಾಗ್ಲೂ ಕಪ್ಪಾ? ಯಾರೂ ಹೊದ್ಸಾಕಿಲ್ಲ ಕಣವ್ವ," ಎಂದರು ಹಿರಿಯರೊಬ್ಬರು.

ಮದುವೆಗೆ ಮೊದಲು ಅಮ್ಮನಿಗೆ ಹೇಳಬೇಕಿದ್ದ ಮಾತನ್ನು ಅವತ್ತು ಆ ಹಿರಿಯರಿಗೆ ಹೇಳಿದೆ: "ಅವ್ರಿಗೆ ಅದೇ ಚೆಂದ. ಹೊದ್ಸಿ."